ಮಲಗುವಷ್ಟು ಮಣ್ಣು

ಪುಣೆಯ ಈ ಭಾಗದಲ್ಲಿ ನಮ್ಮ ಮಂದಿಯೊಳಗೆ ಯಾರಾದರೂ ತೀರಿಕೊಂಡರೆ ಮೊದಲ ಫೋನು ನನಗೆ ಬರುತ್ತದೆ. ಬೀಗರಿಗೆ, ಅಣ್ಣತಮ್ಮಂದಿರಿಗೆ ಆಮೇಲೆ. ಇದು ನಾನು ಬೇಡಿ ಪಡೆದ ಪದವಿಯಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ನನ್ನದು ಬ್ಯಾಡಗಿ ಮೆಣಸಿನಕಾಯಿಯ ಅಡತಿ ಅಂಗಡಿ. ನಸುಕಿನಲ್ಲೇ ಎದ್ದಿರುತ್ತೇನೆ, ಫೋನು ಎತ್ತುತ್ತೇನೆ, ಮರಾಠಿ ಸಲೀಸಾಗಿ ಬರುತ್ತದೆ. ಎಂದೋ ಒಮ್ಮೆ ಯಾರೋ ನಮ್ಮ ಸಮಾಜದ ಸ್ಮಶಾನದ ಕಮಿಟಿಯಲ್ಲಿ ನನ್ನ ಹೆಸರು ಸೇರಿಸಿದರು, ಸಿಕ್ಕಿಬಿದ್ದೆ. ಮದುವೆಗೆ ಕರೆಯಲು ಮರೆತವರೂ ಮಣ್ಣಿಗೆ ಕರೆಯಲು ಮರೆಯುವುದಿಲ್ಲ. ನನ್ನ ಹೆಂಡತಿ ನನಗೆ 'ಕುಣಿ ಸಾವಕಾರ' ಎಂದು ಹೆಸರಿಟ್ಟಿದ್ದಳು. ನಮ್ಮ ಕಡೆ ಕುಣಿ ಅಂದರೆ ಹೆಣ ಹೂಳಲು ತೋಡುವ ಗುಂಡಿ. ಊಟದ ನಡುವೆ ಫೋನು ಬಂದರೆ, ಹೋಗ್ರಿ ಸಾವಕಾರ, ಗಿರಾಕಿ ಬಂತು ಎಂದು ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಡುತ್ತಿದ್ದಳು. ಎಷ್ಟು ಭಕ್ರಿ ಹಾಗೆ ತಣ್ಣಗಾದವೋ ಲೆಕ್ಕವಿಲ್ಲ.

ನಾವು ಲಿಂಗಾಯತರು. ಸತ್ತವರನ್ನು ನಾವು ಸುಡುವುದಿಲ್ಲ, ಹೂಳುತ್ತೇವೆ. ಹೂಳುವುದೂ ಮಲಗಿಸಿ ಅಲ್ಲ, ಕೂಡಿಸಿ. ಪದ್ಮಾಸನ ಹಾಕಿಸಿ, ಬದುಕಿದ್ದಾಗ ಕೊರಳಲ್ಲಿ ಕಟ್ಟಿಕೊಂಡಿದ್ದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಸುತ್ತಲೂ ವಿಭೂತಿ, ಬಿಲ್ವಪತ್ರೆ, ಉಪ್ಪು ತುಂಬಿ ಮಣ್ಣು ಕೊಡುತ್ತೇವೆ. ಹೀಗಾಗಿ ಫೋನು ಬಂದಾಗ ನನ್ನ ಬಾಯಿಂದ ಬರುವ ಮೊದಲ ಮಾತು ಸಮಾಧಾನದ್ದಾಗಿರುವುದಿಲ್ಲ. ಅಳುವವರನ್ನು ನಡುವೆ ತಡೆದು, ಮೊದಲು ಕಾಲು ಮಡಚಿ ಗೋಡೆಗೆ ಆನಿಸಿ ಕೂಡಿಸಿ ಅನ್ನುತ್ತೇನೆ. ಮೈ ಒಮ್ಮೆ ಸೆಟೆದುಕೊಂಡರೆ ಮುಂದಿನದೆಲ್ಲ ಕಷ್ಟ. ಕೇಳುವವರಿಗೆ ಒರಟು ಅನ್ನಿಸುತ್ತದೆ, ಅನ್ನಿಸಲಿ. ಊರ ಮನೆಗಳಲ್ಲಿ ಗೋಡೆಗೆ ಗೂಟ ಇರುತ್ತದೆ, ಹಣೆಗೆ ಸುತ್ತಿದ ಬಟ್ಟೆಯನ್ನು ಅದಕ್ಕೆ ಕಟ್ಟಿದರೆ ತಲೆ ನೆಟ್ಟಗೆ ನಿಲ್ಲುತ್ತದೆ. ಪುಣೆಯ ಫ್ಲ್ಯಾಟಿನಲ್ಲಿ ಗೂಟ ಎಲ್ಲಿಂದ ತರಬೇಕು? ಕಿಟಕಿಯ ಗ್ರಿಲ್ಲಿಗೆ ಕಟ್ಟಿಸುತ್ತೇನೆ. ಕೆಳಗೆ ಆಡುವ ಮಕ್ಕಳಿಗೆ ಕಾಣದಿರಲಿ ಎಂದು ಪರದೆ ಎಳೆಯಲು ಹೇಳುತ್ತೇನೆ.

ಆಮೇಲೆ ಶುರುವಾಗುತ್ತದೆ, ಯಾಕೆ ಎಂಬ ಪ್ರಶ್ನೆ. ಎದುರು ಮನೆಯ ಮರಾಠಿಯವರು ಕೇಳುತ್ತಾರೆ. ಬೆಂಗಳೂರಿನಿಂದ ಬಂದು ಇಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಮ್ಮದೇ ಹುಡುಗರು ಅರ್ಧ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಎಲ್ಲರಿಗಿಂತ ಹೆಚ್ಚು ಕೇಳಿದವಳು ನನ್ನ ಮಗಳು. ಯಾಕೆ ಸುಡುವುದಿಲ್ಲ, ಯಾಕೆ ಕೂಡಿಸಬೇಕು, ಉಪ್ಪು ಯಾಕೆ, ಪತ್ರೆ ಯಾಕೆ. ನನ್ನ ಹತ್ತಿರ ಉತ್ತರಗಳಿಗೇನೂ ಬರವಿಲ್ಲ. ಲಿಂಗ ಕಟ್ಟಿದ ಮೈ ಗುಡಿ ಇದ್ದ ಹಾಗೆ, ಗುಡಿಗೆ ಯಾರಾದರೂ ಬೆಂಕಿ ಇಡುತ್ತಾರೆಯೇ ಎಂದು ಹಿರಿಯರಿಗೆ ಹೇಳುತ್ತೇನೆ. ಉಪ್ಪು ಹಾಕಿದರೆ ನಾಯಿ ನರಿ ಕೆದರುವುದಿಲ್ಲ ಎಂದು ಹುಡುಗರಿಗೆ ಹೇಳುತ್ತೇನೆ, ಅವರಿಗೆ ಅಂಥ ಕಾರಣ ಒಪ್ಪಿಗೆಯಾಗುತ್ತದೆ. ಮುಖ ಉತ್ತರಕ್ಕೋ ಪೂರ್ವಕ್ಕೋ ಎಂದು ಮುದುಕರು ಕುಣಿಯ ದಂಡೆಯಲ್ಲಿ ಜಗಳಕ್ಕೆ ನಿಂತರೆ, ಅವರ ಮನೆಯ ಪದ್ಧತಿ ಕೇಳಿ ಹಾಗೇ ಮಾಡಿ ಎಂದು ಬಾಯಿ ಮುಚ್ಚಿಸುತ್ತೇನೆ.

ಆದರೆ ಕೂಡಿಸುವುದಕ್ಕೆ ಒಂದು ಕಾರಣ ನನಗೆ ನಿಜವಾಗಿ ಹಿಡಿಸಿದ್ದು. ಇಂಡಿ ಕಡೆಯ ನಮ್ಮ ಊರಲ್ಲಿ ನನ್ನ ಸೋದರಮಾವ ಹೇಳಿದ್ದು. ಹಿಂದೆ ಕೂಡಿಸಿ ಹೂಳುತ್ತಿದ್ದದ್ದು ಸನ್ಯಾಸಿಗಳನ್ನು ಮಾತ್ರವಂತೆ. ಸಂಸಾರ ಬಿಟ್ಟವರಿಗೆ ಸಲ್ಲುವ ಆ ಮರ್ಯಾದೆಯನ್ನು ನಮ್ಮ ಹಿರಿಯರು ಸಂಸಾರಿಗಳಿಗೂ ಕೊಟ್ಟರು. ಒಕ್ಕಲಿಗನಿಗೂ, ನೇಕಾರನಿಗೂ, ದಿನವಿಡೀ ಒಲೆಯ ಮುಂದೆ ಕೂತವಳಿಗೂ. ಲಿಂಗ ಕಟ್ಟಿಕೊಂಡವರೆಲ್ಲ ಪೂಜೆಗೆ ಕೂತ ಹಾಗೇ ಹೋಗಬೇಕು, ಗಂಡಸು ಹೆಂಗಸು ಎಂಬ ಭೇದವಿಲ್ಲ. ಲಿಂಗದೀಕ್ಷೆ ಆಗದ ಕೂಸುಗಳನ್ನು ಮಾತ್ರ ನಮ್ಮ ಊರಲ್ಲಿ ಮಲಗಿಸಿ ಹೂಳುತ್ತಿದ್ದರು. ಇದನ್ನು ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಎಷ್ಟೋ ಮನೆಗಳಲ್ಲಿ, ಮುದುಕಿಯ ಕಾಲು ಮಡಚುವುದಿಲ್ಲ, ಹಾಗೇ ಮಲಗಿಸಿಬಿಡೋಣ ಎಂದವರ ಹತ್ತಿರ ಇದನ್ನೇ ಹೇಳಿ, ಬಿಸಿನೀರು ಕಾಯಿಸಲು ಹೇಳಿ, ಮೊಣಕಾಲಿಗೆ ಹಾಕಿ ತಿಕ್ಕಿ ತಿಕ್ಕಿ ನಾನೇ ಮಡಚಿ ಕೂಡಿಸಿದ್ದೇನೆ.

ಅಂಥವನ ಹೆಂಡತಿಗೆ ಎದೆಯ ಬೇನೆ ಬಂತು. ಹೃದಯ ಸೋತಿದೆ, ಇನ್ನು ಔಷಧದ ಮೇಲೆ ನಡೆಯಬೇಕು ಅಂದರು ಡಾಕ್ಟರು. ಕಾಲು ಬಾತುಕೊಂಡವು, ಎದೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಆ ಬೇನೆಯ ಕೆಟ್ಟತನ ಬೇರೆಯೇ ಇತ್ತು: ಕೂತರೆ ಉಸಿರು ಆಡುತ್ತದೆ, ಮಲಗಿದರೆ ಕಟ್ಟುತ್ತದೆ. ಮೊದಲು ಒಂದು ದಿಂಬು ಹೆಚ್ಚಿಗೆ ಇಟ್ಟೆವು, ಆಮೇಲೆ ಮತ್ತೊಂದು. ಕಡೆಗೆ ಹಾಸಿಗೆಯ ಆಸೆ ಬಿಟ್ಟು ಕಿಟಕಿಯ ಹತ್ತಿರದ ಬೆತ್ತದ ಕುರ್ಚಿಯಲ್ಲೇ ಅವಳ ಹಗಲು, ಅಲ್ಲೇ ನಿದ್ದೆ. ಎರಡು ವರ್ಷ ಹೀಗೆ ಹೋದವು. ತೂಕಡಿಸಿ ತಲೆ ಮುಂದಕ್ಕೆ ಬಿದ್ದಾಗ ಬೆಚ್ಚಿ ಏಳುವಳು. ಬೆನ್ನ ಕೆಳಗೆ ಹುಣ್ಣಾಯಿತು, ವಾಸಿಯಾಯಿತು, ಮತ್ತೆ ಆಯಿತು. ನಾನು ಪಕ್ಕದ ಮಂಚದ ಮೇಲೆ ಕಾಲು ಚಾಚಿ ಮಲಗುವುದಕ್ಕೆ ನಾಚಿಕೆಯಾಗಿ ಮಗ್ಗುಲಿಗೆ ಮುದುಡಿಕೊಳ್ಳುತ್ತಿದ್ದೆ. ಅವಳಿಗೆ ಅದೂ ಗೊತ್ತಾಗುತ್ತಿತ್ತು. ನೀವಾದರೂ ಕಾಲು ನೀಡಿ ಮಲಗಿ, ಅದನ್ನು ನೋಡಿ ನನಗೂ ಮಲಗಿದ ಹಾಗೆ ಆಗಲಿ ಅನ್ನುವಳು.

ಅವಳು ದೂರುವ ಪೈಕಿ ಅಲ್ಲ. ಮನೆಗೆ ಬಂದವರಿಗೆಲ್ಲ ಕುರ್ಚಿಯಲ್ಲಿ ಕೂತೇ ಕೆಲಸ ಹೇಳುವಳು, ಕೂತೇ ನಗಿಸುವಳು. ರಾಣಿ ಸರಕಾರ ದರ್ಬಾರು ನಡೆಸಿದ್ದಾಳೆ ಎಂದು ನಾನು ಚೇಷ್ಟೆ ಮಾಡಿದರೆ, ಸಿಂಹಾಸನ ಬೇಕಾದರೆ ನಿಮಗೇ ಕೊಡುತ್ತೇನೆ, ನನಗೆ ಒಂದು ಚಾಪೆ ಸಾಕು ಎನ್ನುವಳು. ನಗುತ್ತಲೇ ಹೇಳುತ್ತಿದ್ದಳು. ಕೇಳಿದ ನನಗೆ ಮಾತ್ರ ನಗು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಯಾರದೋ ಮಣ್ಣಿಗೆ ಹೋಗಿ ಬಂದು, ಸ್ನಾನ ಮುಗಿಸಿ, ತಲೆ ಒರೆಸಿಕೊಳ್ಳುತ್ತ ಅವಳ ಎದುರು ಕೂತಿದ್ದೆ. ಅವಳ ತೊಡೆಯ ಮೇಲೆ ಪೇಪರಿನಲ್ಲಿ ಮೆಂತ್ಯದ ಸೊಪ್ಪು ಹರಡಿತ್ತು, ಎಲೆ ಬಿಡಿಸುತ್ತಿದ್ದಳು. ಯಾರು, ಎಷ್ಟು ವಯಸ್ಸು, ಸೊಸೆ ಅತ್ತಳೋ ಇಲ್ಲವೋ ಎಲ್ಲ ವಿಚಾರಿಸಿದಳು. ಎಲ್ಲ ಸರಿಯಾಗಿ ಆಯಿತು, ಚಂದ ಕೂಡಿಸಿದೆವು ಎಂದೆ. ಅವಳು ಒಂದು ದಂಟು ಮುರಿದು ಬದಿಗಿಟ್ಟಳು.

"ರೀ, ನನ್ನ ಕೂಡಸಬ್ಯಾಡ್ರಿ. ಮಲಗಸ್ರಿ."

ಏನು ಮಾತು ಅಂತ ಆಡುತ್ತಿ ಎಂದು ನಾನು ಬೈದೆ. ಸಾಯುವ ಮಾತಿಗೆ ಬೈದೆನೋ, ಮಲಗಿಸು ಅಂದದ್ದಕ್ಕೆ ಬೈದೆನೋ, ಆಗ ನನಗೂ ಸ್ಪಷ್ಟವಿರಲಿಲ್ಲ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಯಾಕೆ ಕೂಡಿಸುತ್ತಾರೆ ಹೇಳಿ ನೋಡೋಣ ಎಂದಳು. ಊರಿಗೆಲ್ಲ ಹೇಳುತ್ತೀರಲ್ಲ, ನನಗೊಂದು ಸಲ ಹೇಳಿ. ನಾನು ಹೇಳಿದೆ. ಸನ್ಯಾಸಿಗಳ ಮಾತು, ಹೆಣ್ಣಿಗೂ ಸಮ ಮರ್ಯಾದೆಯ ಮಾತು, ಲಿಂಗಪೂಜೆಗೆ ಕೂತ ಹಾಗೆ ಹೋಗುವ ಮಾತು, ಮಲಗಿಸಿದರೆ ದೀಕ್ಷೆ ಇಲ್ಲದ ಕೂಸಿನ ಹಾಗೆ ಎಂಬುದು. ಪೂರ್ತಿ ಕೇಳಿದಳು. ಆಮೇಲೆ ನನ್ನ ಮುಖ ನೋಡಿ ಹೇಳಿದಳು:

"ಪೂಜಿಗೆ ಕೂಡ್ತೀವಿ, ಖರೆ. ಪೂಜಿ ಮುಗದ ಮ್ಯಾಲ ಏಳ್ತೀವಲ್ರಿ? ನಂದು ಮುಗದದ. ಕುಂತು ಕುಂತು ಭಾಳ ಸಾಕಾಗ್ಯದ ನನಗ. ಮಣ್ಣಾಗಾದ್ರೂ ಬೆನ್ನು ನೆಟ್ಟಗ ಹಾಸಿಗೊಂಡು ಮಲಗ್ತೀನಿ."

ಇಷ್ಟು ಜನಕ್ಕೆ ಇಷ್ಟು ವರ್ಷ ಕಾರಣ ಹೇಳಿದವನಿಗೆ ಅವಳ ಕಾರಣದ ಎದುರು ಬಾಯಿ ಬರಲಿಲ್ಲ. ಆಯಿತು ಎಂದೆ. ಹೀಗಲ್ಲ, ಮಾತು ಕೊಡಿ ಎಂದಳು. ಸೊಪ್ಪಿನ ಮಣ್ಣು ಮೆತ್ತಿದ ಕೈ ಮುಂದೆ ಚಾಚಿದಳು. ಕೈ ಮೇಲೆ ಕೈ ಇಟ್ಟೆ. ಅಂದು ಮೆಂತ್ಯದ ಪಲ್ಯವನ್ನು ಅವಳು ಹೇಳಿದ ಹಾಗೆ ನಾನೇ ಮಾಡಿದೆ, ಉಪ್ಪು ಜಾಸ್ತಿಯಾಯಿತು, ಇಬ್ಬರೂ ಹಾಗೇ ಉಂಡೆವು.

ಅವಳು ಹೋದದ್ದು ಅದಾಗಿ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ. ಚಹಾ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟು, ಆರುವ ಮೊದಲು ಕುಡಿ ಎಂದು ಹೇಳಿ ಹಾಲಿನ ಚೀಲ ಒಳಗಿಡಲು ಹೋದೆ. ಬರುವಷ್ಟರಲ್ಲಿ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಕೂಗಿದೆ, ಅಲುಗಿಸಿದೆ, ಅಂಗೈ ತಿಕ್ಕಿದೆ. ಇಷ್ಟು ಹೆಣ ನೋಡಿದವನಿಗೆ ಗೊತ್ತಾಗದೆ ಇರುತ್ತದೆಯೇ. ಆದರೂ ಡಾಕ್ಟರು ಬಂದು ಹೇಳುವವರೆಗೆ ಅವಳ ಕೈ ತಿಕ್ಕುತ್ತಲೇ ಇದ್ದೆ.

ಎದುರು ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕೂ ಅನ್ನುವವರು, ಓಡಿ ಬಂದರು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಕೂತಲ್ಲೇ ಹೋದರು, ಭಾಗ್ಯದ ಸಾವು ಎಂದು ಮರಾಠಿಯಲ್ಲಿ ಹೇಳಿದರು. ಫೋನಿನಲ್ಲಿ ಸುದ್ದಿ ಕೇಳಿದ ನಮ್ಮವರೂ ಅದನ್ನೇ ಹೇಳಿದರು. ಎಂಥ ಪುಣ್ಯವಂತೆ, ಕೂತೇ ಲಿಂಗೈಕ್ಯಳಾದಳು, ಯಾರಿಗೂ ಕಾಲು ಮಡಚುವ ತೊಂದರೆ ಕೊಡಲಿಲ್ಲ. ನನ್ನ ಎದೆಯೊಳಗೆ ಬೆಂಕಿ ಬಿತ್ತು. ಅವಳು ಯಾವುದರಿಂದ ಬಿಡಿಸಿಕೊಳ್ಳಬೇಕೆಂದಿದ್ದಳೋ ಅದರಲ್ಲೇ ಸಿಕ್ಕಿ ಹೋಗಿದ್ದಳು, ಅದಕ್ಕೆ ಇವರ ಹೊಗಳಿಕೆ.

ಎಲ್ಲರಿಗೂ ಬೇಗ ಕೂಡಿಸಿ ಎನ್ನುತ್ತಿದ್ದವನು ಅಂದು ಬೇಗ ಮಲಗಿಸಬೇಕಾಯಿತು. ಕಾಕೂ ಕಾಲ ಕಡೆ ಹಿಡಿದರು, ನಾನು ಕಂಕುಳಲ್ಲಿ ಕೈ ಹಾಕಿ ಎತ್ತಿದೆ. ಮಂಚದ ಮೇಲಿನ ದಿಂಬುಗಳನ್ನೆಲ್ಲ ಕೆಳಗೆ ಎಸೆದು ಅವಳನ್ನು ಚಪ್ಪಟೆಯಾಗಿ ಮಲಗಿಸಿದೆ. ಮೊಣಕಾಲು ತಾವಾಗಿ ಮೇಲೆ ಬರುತ್ತಿದ್ದವು, ಮೆಲ್ಲಗೆ ಒತ್ತಿ ನೀಡಿಸಿದೆ. ಎರಡು ವರ್ಷದ ಮೇಲೆ ಅವಳನ್ನು ಹಾಗೆ ನೋಡಿದ್ದು. ಇಷ್ಟು ಎತ್ತರದವಳು ಎಂಬುದೇ ನನಗೆ ಮರೆತುಹೋಗಿತ್ತು. ಅಲ್ಲಿಯವರೆಗೆ ಬರದ ಅಳು ಆಗ ಬಂತು.

ಆಮೇಲೆ ಸ್ಮಶಾನದ ಕುಣಿ ತೋಡುವವನಿಗೆ ಫೋನು ಮಾಡಿದೆ. ಅವನೂ ನಾನೂ ಎಷ್ಟೋ ವರ್ಷದಿಂದ ಒಂದೇ ಮಾತು ಆಡುತ್ತ ಬಂದವರು. ಒಂದು ಕುಣಿ ಬೇಕು, ಇಷ್ಟು ಹೊತ್ತಿಗೆ ತರುತ್ತೇವೆ. ಯಾರು ಎಂದ. ನಮ್ಮ ಮನೆಯವಳು ಎಂದೆ. ಅರೇ ದೇವಾ ಎಂದ. ಆಮೇಲೆ ಹೇಗೆ ತೋಡಲಿ ಎಂದು ಕೇಳಿದ. ನನ್ನ ನಾಲಿಗೆ ತಾನಾಗಿ, "ನೇಹಮೀಸಾರಖಂ" ಎಂದಿತು, ಯಾವಾಗಲೂ ತೋಡುವ ಹಾಗೆ ಎಂದು. ಅಂದದ್ದು ನನಗೇ ಕೇಳಿಸಲಿಲ್ಲ. ಫೋನು ಇಟ್ಟು, ಮಣ್ಣು ಮಾಡಲು ಕಾರ್ಪೊರೇಶನ್ನಿನವರು ಕೊಡುವ ಪಾಸಿನ ಓಡಾಟಕ್ಕೆ ಹೋದೆ.

ಮಗಳು ಪುಣೆಯ ಆ ತುದಿಯ ವಿಮಾನ ನಗರದಿಂದ ಬಂದಳು. ತಾಯಿ ಮಲಗಿದ್ದನ್ನು ನೋಡಿ ನನ್ನ ಮುಖ ನೋಡಿದಳು. ಅಮ್ಮ ಹೇಳಿದ್ದಳು ಎಂದೆ. ಅದುವರೆಗೆ ಎಲ್ಲದಕ್ಕೂ ಯಾಕೆ ಎಂದು ಕೇಳುತ್ತಿದ್ದವಳು ಅಂದು ಕೇಳಲಿಲ್ಲ. ಬಾಚಣಿಗೆ ತಂದು ತಾಯಿಯ ತಲೆ ಬಾಚಲು ಕೂತಳು.

ಮಧ್ಯಾಹ್ನ ದಾಟಿದ ಮೇಲೆ ಇಂಡಿಯಿಂದ ನನ್ನ ಹೆಂಡತಿಯ ತಮ್ಮ ಬಂದ. ಇವಳು ಎತ್ತಿ ಆಡಿಸಿದ ತಮ್ಮ, ನನಗೆ ಮಾಮಾ ಅನ್ನುವವನು. ತಾಯಿ ಬೇಗ ಹೋದ ಮನೆಯಲ್ಲಿ ಇವಳೇ ಅವನಿಗೆ ತಾಯಿ. ಬಂದವನು ಅಕ್ಕನ ಪಾದ ಹಿಡಿದು ಬಹಳ ಹೊತ್ತು ಅತ್ತ. ಅಳು ನಿಂತ ಮೇಲೆ ಸುತ್ತ ನೋಡಿ, ಇನ್ನೂ ಯಾಕೆ ಕೂಡಿಸಿಲ್ಲ ಎಂದು ಕೇಳಿದ. ಮಲಗಿಸಿಯೇ ಮಣ್ಣು ಕೊಡುವುದು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಅವಳು ಕೇಳಿಕೊಂಡದ್ದು, ನಾನು ಮಾತು ಕೊಟ್ಟದ್ದು ಎಲ್ಲ ಹೇಳಿದೆ. ಅವನ ಮುಖ ಕಪ್ಪಿಟ್ಟಿತು.

ಬೇನೆಯವರು ನೂರು ಮಾತಾಡುತ್ತಾರೆ, ಅದನ್ನೆಲ್ಲ ಹಿಡಿದು ಕೂಡುತ್ತಾರೆಯೇ ಎಂದ. ಊರಿಗೆಲ್ಲ ಶಾಸ್ತ್ರ ಹೇಳುವ ನೀವು ಎಂದ. ಅಡುಗೆಮನೆಯ ಕಡೆ ತಿರುಗಿ ಬಿಸಿನೀರು ಇಡಲು ಹೇಳಿದ. ತಿಕ್ಕಿದರೆ ಇನ್ನೂ ಮಡಚುತ್ತವೆ, ನೀವೇ ಎಷ್ಟು ಜನಕ್ಕೆ ಮಾಡಿಲ್ಲ ಎಂದ. ಅದು ನಿಜ. ಹೇಗೆ ಮಡಚಬೇಕು, ಎಲ್ಲಿ ಒತ್ತಬೇಕು, ಯಾವ ಸದ್ದು ಬರುತ್ತದೆ, ಎಲ್ಲ ನನ್ನ ಕೈಗೆ ಗೊತ್ತು. ಗೊತ್ತಿದ್ದಕ್ಕೇ ನಾನು ಬಾಗಿಲಿಗೆ ಅಡ್ಡ ಹೋಗಿ ನಿಂತೆ.

"ಮಾಮಾ," ಎಂದ ಅವನು. ದನಿ ಒಡೆದಿತ್ತು. "ಲಿಂಗ ಇಲ್ಲದ ಕೂಸಿನಂಗ ಮಲಗಸ್ತೀರೇನ್ರಿ ನಮ್ಮಕ್ಕನ್ನ?"

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ಜಾತಿಯ ಜಂಬಕ್ಕೆ ಹೇಳಿದ್ದಲ್ಲ. ಅಕ್ಕನಿಗೆ ಸಲ್ಲಬೇಕಾದ ಮರ್ಯಾದೆ ಒಂದಿಷ್ಟೂ ಕಡಿಮೆಯಾಗಬಾರದೆಂದು ಹೇಳಿದ್ದು. ನಾನೇ ಅವನ ಜಾಗದಲ್ಲಿದ್ದರೆ ಇದಕ್ಕಿಂತ ಜೋರಾಗಿ ಹೇಳುತ್ತಿದ್ದೆ. ಆದರೆ ವಾದ ಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಲಿಂಗ ಅವಳ ಕೈಯಲ್ಲೇ ಇರುತ್ತದೆ, ಅವಳು ಮಾತ್ರ ಮಲಗಿರುತ್ತಾಳೆ ಎಂದೆ, ಅಷ್ಟೇ. ಪೂಜೆಗೆ ಬಂದಿದ್ದ ಅಯ್ಯನವರ ಕಡೆ ಅವನು ತಿರುಗಿದ. ಅಯ್ಯನವರು ವಯಸ್ಸಾದವರು, ಬಿಸಿಲಲ್ಲಿ ಬಸ್ಸು ಬದಲಿಸಿ ಬಂದು ದಣಿದಿದ್ದರು. ಪದ್ಧತಿ ಕೂಡಿಸುವುದೇ, ಅದರಲ್ಲಿ ಎರಡು ಮಾತಿಲ್ಲ ಎಂದರು. ಬೇನೆಯವಳಿಗೆ ಕೊಟ್ಟ ಮಾತು ಮೀರಿ ಎಂದೂ ನಾನು ಹೇಳಲಾರೆ, ಮನೆಯವರು ಹೇಗನ್ನುತ್ತೀರೋ ಹಾಗೆ ಎಂದು ವಿಭೂತಿ ತೆಗೆದು ಅವಳ ಹಣೆಗೆ ಹಚ್ಚತೊಡಗಿದರು. ಅವಳ ತಮ್ಮ ವಾದ ಬಿಟ್ಟ. ಹೊರಡುವವರೆಗೆ ನನ್ನ ಕಡೆ ನೋಡಲಿಲ್ಲ.

ನಮ್ಮಲ್ಲಿ ಹೂವಿನ ವಿಮಾನ ಕಟ್ಟಿ, ಅದರಲ್ಲಿ ಕೂಡಿಸಿ, ಭಜನೆಯೊಂದಿಗೆ ಒಯ್ಯುತ್ತಾರೆ. ಅವಳನ್ನು ಆಂಬುಲೆನ್ಸಿನಲ್ಲಿ ಮಲಗಿಸಿ ಒಯ್ದೆವು. ನಮ್ಮ ಮಂದಿ ದೂರ ದೂರ ನಿಂತು ಗುಸುಗುಸು ಮಾತಾಡಿಕೊಂಡರು. ಕೆಲವರು ಬರುವುದಾಗಿ ಹೇಳಿ ಬರಲೇ ಇಲ್ಲ. ಸಂಜೆಯ ಟ್ರಾಫಿಕ್ಕಿನಲ್ಲಿ ಗಾಡಿ ಹೆಜ್ಜೆ ಹೆಜ್ಜೆಗೆ ನಿಂತಾಗ ಮಗಳು ತಾಯಿಯ ಭುಜ ಹಿಡಿದುಕೊಂಡು ಕೂತಿದ್ದಳು. ನನಗೆ ಕಣ್ಣು ಎಳೆಯುತ್ತಿತ್ತು. ಹೆಂಡತಿಯ ಹೆಣದ ಪಕ್ಕದಲ್ಲಿ ನಿದ್ದೆ ಬರುತ್ತದೆ ಎಂದರೆ ಯಾರು ನಂಬಬೇಕು. ಬರುತ್ತಿತ್ತು. ಎರಡು ವರ್ಷದ ನಿದ್ದೆ ಬಾಕಿ ಇತ್ತು.

ಸ್ಮಶಾನದಲ್ಲಿ ಇಳಿದು ನೋಡಿದರೆ ಕುಣಿ ಚೌಕಾಗಿತ್ತು. ಆಳವಾಗಿ, ನುಣ್ಣಗೆ, ಒಳಗೆ ಕೂಡಿಸಲು ಗೂಡು ಕೊರೆದು, ಇಳಿಯಲು ಮೆಟ್ಟಿಲು ಮಾಡಿ, ಎಂದಿಗಿಂತ ಮುತುವರ್ಜಿಯಿಂದ ತೋಡಿದ್ದ. ಸಾಹೇಬರ ಮನೆಯವರದೆಂದು ಗೂಡಿಗೆ ಸೆಗಣಿ ಸಾರಿಸಿ ರಂಗೋಲಿಯನ್ನೂ ಹಾಕಿಸಿದ್ದ. ಬೆಳಗಿನ ನನ್ನ ಮಾತು ನನಗೆ ಆಗ ನೆನಪಾಯಿತು. ಅವನದೇನು ತಪ್ಪು, ನಾನು ಹೇಳಿದಂತೆ ತೋಡಿದ್ದ.

ಎಲ್ಲರೂ ಕುಣಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮನೆಯ ಆ ಜಗಳದ ಮೇಲೆ ಮೊದಲ ಸಲ ಅವಳ ತಮ್ಮ ನನ್ನ ಹತ್ತಿರ ಬಂದು ನಿಂತ. ಅವನ ದನಿಯಲ್ಲಿ ಈಗ ಜಗಳ ಇರಲಿಲ್ಲ, ಬೇಡಿಕೆ ಇತ್ತು. ಕುಣಿಯೇ ಕೂಡಿಸುವ ಹಾಗೆ ಆಗಿಬಿಟ್ಟಿದೆ, ಹೊತ್ತೂ ಇಳಿಯುತ್ತಿದೆ, ಇನ್ನಾದರೂ ಮನಸ್ಸು ಮಾಡಿ ಎಂದ. ಹಿಂದೆ ನಿಂತಿದ್ದವರೂ ಹೌದು ಹೌದು ಎಂದರು. ದೇವರ ಇಚ್ಛೆ ಹೀಗಿದೆ ಎಂದರು ಒಬ್ಬರು. ದೇವರ ಇಚ್ಛೆಯಲ್ಲ, ನನ್ನ ನಾಲಿಗೆಯ ಚಟ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ನಿಜ ಹೇಳುತ್ತೇನೆ, ಆ ಒಂದು ಗಳಿಗೆ ನಾನು ಸೋತೆ. ಮೈಯೆಲ್ಲ ದಣಿದಿತ್ತು. ಸುಮ್ಮನೆ ಹೂಂ ಎಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು, ಎಲ್ಲರೂ ಬೆನ್ನು ತಟ್ಟುತ್ತಿದ್ದರು, ನಾನು ಮನೆಗೆ ಹೋಗಿ ಬಿದ್ದುಕೊಳ್ಳಬಹುದಿತ್ತು.

ಮನೆಗೆ ಹೋಗಿ ಕಾಲು ಚಾಚಿ ಬಿದ್ದುಕೊಳ್ಳುವ ಆ ಯೋಚನೆ ಬಂದ ಕೂಡಲೇ ನನಗೆ ಎಚ್ಚರವಾಯಿತು.

ಉದ್ದ ಮಾಡು ಎಂದು ಕುಣಿ ತೋಡುವವನಿಗೆ ಮರಾಠಿಯಲ್ಲಿ ಹೇಳಿದೆ. ಅವನು ಕುಣಿಯ ಸುತ್ತ ನೋಡಿದ. ಒಂದು ಕಡೆ ಕಾಂಪೌಂಡ್ ಗೋಡೆ, ಅದರಾಚೆ ಕಟ್ಟುತ್ತಿರುವ ಬಿಲ್ಡಿಂಗಿನ ಕಂಬಗಳು. ಎರಡು ಕಡೆ ಹಳೆಯ ಸಮಾಧಿಗಳು. ಖಾಲಿ ಇದ್ದದ್ದು ಒಂದೇ ಕಡೆ. ನಮ್ಮ ಸ್ಮಶಾನದಲ್ಲಿ ಜಾಗದ ತಾಪತ್ರಯ ಬಹಳ, ಊರು ಬೆಳೆದಂತೆ ಸಾಯುವವರೂ ಬೆಳೆದರು. ಆದರೂ ಗಂಡಹೆಂಡಿರಲ್ಲಿ ಒಬ್ಬರು ಹೋದರೆ ಪಕ್ಕದ ಚೌಕವನ್ನು ಉಳಿದವರಿಗೆಂದು ಬಿಡುತ್ತೇವೆ. ಅದಕ್ಕಿಂತ ಯಾರಿಗೂ ಅರ್ಧ ಗೇಣೂ ಹೆಚ್ಚಿಗೆ ಕೊಡುವುದಿಲ್ಲ. ಕಮಿಟಿಯಲ್ಲಿ ಕೂತು ಎಷ್ಟು ಜನರೊಂದಿಗೆ ಇದಕ್ಕಾಗಿ ನಾನೇ ಹಗ್ಗ ಜಗ್ಗಿದ್ದೇನೆ. ಕೂಡಿಸುವ ಕುಣಿಗೆ ಒಂದು ಚೌಕ ಸಾಕು. ಮಲಗಿಸಲು ಎರಡು ಬೇಕು.

ಅವನು ಹಾರೆ ಎತ್ತಿ, ಮತ್ತೆ ಕೆಳಗಿಳಿಸಿದ.

"ಸಾಹೇಬ, ಹೀ ತುಮಚೀ ಜಾಗಾ ಆಹೇ," ಎಂದ. ಇದು ನಿಮ್ಮ ಜಾಗ.

ಗೊತ್ತು, ತೋಡು ಎಂದೆ.

ಪುಣೆಯ ನೆಲ ಕರಿಮಣ್ಣಿನ ನಮ್ಮ ಊರಿನಂಥದ್ದಲ್ಲ. ಮೇಲೆ ಒಂದಿಷ್ಟು ಮಣ್ಣು, ಕೆಳಗೆ ಗಟ್ಟಿ ಮುರುಮು ಕಲ್ಲು, ಹಾರೆ ಹಾಕಿದರೆ ಕೈ ಝುಂ ಅನ್ನುತ್ತದೆ. ಅವನು ಒಬ್ಬನೇ ಸ್ವಲ್ಪ ಹೊತ್ತು ಅಗೆದ. ಹೊತ್ತು ಇಳಿಯುತ್ತಲೇ ಇತ್ತು. ಹೆಂಡತಿಯ ತಮ್ಮ ಅಷ್ಟು ಹೊತ್ತು ಅಗೆಯುವ ಕಡೆಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ಅಂಗಿ ಕಳಚಿ ಗೋಡೆಯ ಮೇಲಿಟ್ಟು, ಇನ್ನೊಂದು ಗುದ್ದಲಿ ಎತ್ತಿಕೊಂಡು ಕುಣಿಗೆ ಇಳಿದ. ಒಕ್ಕಲುತನದ ಕೈ ಅವನದು, ಗುದ್ದಲಿ ಮೂರು ಜನರ ಕೆಲಸ ಮಾಡಿತು. ಗೂಡಿನ ರಂಗೋಲಿ ಮಣ್ಣಿನಡಿ ಹೋಯಿತು. ನಾನು ಬುಟ್ಟಿಯಲ್ಲಿ ಮಣ್ಣು ಎತ್ತಿ ಹಾಕಲು ಹೋದರೆ ನೀವು ಕೂತಿರಿ ಎಂದು ಬುಟ್ಟಿ ಕಸಿದುಕೊಂಡ. ಬಂದಾಗಿನಿಂದ ನನಗೆ ಆಡಿದ ಒಂದೇ ಮೆತ್ತನೆಯ ಮಾತು.

ಅವಳನ್ನು ಇಳಿಸುವಾಗ ಕೆಳಗೆ ನಿಂತು ಅವನೇ ತೋಳಿನಲ್ಲಿ ತೆಗೆದುಕೊಂಡ. ಅಯ್ಯನವರು ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟು, ಎದೆಯ ಮೇಲೆ ಆ ಕೈ ಜೋಡಿಸಿದರು. ಅಕ್ಕನ ಸೀರೆಯ ನೆರಿಗೆಯನ್ನು ತಮ್ಮ ಸರಿ ಮಾಡಿದ, ಕಾಲು ಜೋಡಿಸಿದ. ಆಮೇಲೆ ಹೆಗಲ ಮೇಲಿದ್ದ ಟವೆಲನ್ನು ಮಡಚಿ ತಲೆಯ ಕೆಳಗಿಡಲು ಹೋದ. ದಿಂಬು ಬೇಡ ಎಂದೆ. ಅವನು ಮೇಲೆ ನೋಡಿದ. ಬೇಡ, ಚಪ್ಪಟೆ ಮಲಗಲಿ ಎಂದೆ. ಅವನು ಟವೆಲು ತೆಗೆದ. ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಇಟ್ಟ, ಕೈ ತೆಗೆಯಲು ಬಹಳ ಹೊತ್ತು ಮಾಡಿದ. ವಿಭೂತಿ, ಪತ್ರೆ, ಉಪ್ಪು ಎಲ್ಲ ಹಾಕಿದೆವು. ಮಲಗಿದವಳಿಗೆ ಎಲ್ಲವೂ ಹೆಚ್ಚು ಹಿಡಿಯಿತು, ಉಪ್ಪು ಸಾಲದೆ ಮತ್ತೆ ತರಿಸಬೇಕಾಯಿತು. ಮಗಳು ಮಣ್ಣು ಹಾಕಿದಳು, ನಾನು ಹಾಕಿದೆ.

ಮಂದಿ ಚದುರಿದ ಮೇಲೆ ಗೇಟಿನ ಹತ್ತಿರದ ನಲ್ಲಿಯಲ್ಲಿ ಕೈಕಾಲು ತೊಳೆಯಲು ನಿಂತೆವು. ಮಗಳು ಅಯ್ಯನವರನ್ನು ರಿಕ್ಷಾಕ್ಕೆ ಹತ್ತಿಸಲು ಹೋಗಿದ್ದಳು. ಅವಳ ತಮ್ಮನ ಅಂಗೈಯಲ್ಲಿ ಬೊಕ್ಕೆ ಎದ್ದಿದ್ದವು. ನೀರು ಬಿದ್ದಾಗ ಉರಿದು ಸುಮ್ಮನೆ ಹಲ್ಲು ಕಚ್ಚಿದ. ನನ್ನ ಮುಖ ನೋಡದೆ ಕೇಳಿದ.

"ಮಾಮಾ, ಮತ್ತ ನೀವು? ನಿಮ್ಮ ಜಾಗಾ ಹೋತಲ್ರಿ."

ಅವಳ ಪಕ್ಕ ಇನ್ನು ಜಾಗವಿಲ್ಲ ಎಂಬುದು ಅಲ್ಲಿಯವರೆಗೆ ನನಗೆ ಲೆಕ್ಕದ ಮಾತಾಗಿತ್ತು. ಅವನು ಕೇಳಿದ ಮೇಲೆ ಅದು ಲೆಕ್ಕವಾಗಿ ಉಳಿಯಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಕಡೆಗೆ ಬೇರೆ ಬೇರೆ ಓಣಿ. ಮುಖಕ್ಕೆ ನೀರು ಹಾಕಿಕೊಂಡೆ. ಸಾಕಷ್ಟು ಹಾಕಿಕೊಂಡೆ.

"ನಾ ಕೂಡಾಂವ," ಎಂದೆ. "ನನಗೇನು, ಯಾವುದಾರ ಮೂಲ್ಯಾಗ ಹಿಡೀತೀನಿ."

ಅವನು ನಲ್ಲಿ ಬಂದ್ ಮಾಡಿ, ಹೆಗಲ ಮೇಲಿನ ಟವೆಲು ತೆಗೆದು ನನ್ನ ಕೈಗೆ ಕೊಟ್ಟ.